ಹನ್ನೊಂದು ಸೆಕೆಂಡು

ನಮ್ಮ ಮಾತಿಗೊಂದು ಪುಟ್ಟ ಬಾಲವಿದೆ,
ಕಾಣದ್ದನ್ನು, ಬರೀ ಕೇಳಿದ್ದನ್ನು ಹೇಳುವಾಗ
ಕೊನೆಗೆ ಕಟ್ಟುವಂಥದ್ದು.
ಅಜ್ಜಿ ಅದನ್ನು ಒಂದು ದಿನವೂ ಮರೆತವಳಲ್ಲ:
ನೆರೆಮನೆಯ ಹಸು ಕರು ಹಾಕಿತಂತೆ,
ತ್ಬಿಲಿಸಿಯಲ್ಲಿ ಹಿಮ ಬಿತ್ತಂತೆ,
ನಿನ್ನ ತಾತ ಯುದ್ಧದಲ್ಲಿ ಸತ್ತನಂತೆ.
ಐವತ್ತು ವರ್ಷ ಕಳೆದರೂ ಆ ಕೊನೆಯದರ ಬಾಲ ಬಿಚ್ಚಲಿಲ್ಲ.
ಹೆಣವನ್ನು ಅವಳು ನೋಡಿರಲಿಲ್ಲ.

ಈಗ ಕುತಾಯಿಸಿಯಲ್ಲಿ, ಜುಂಬೇರನ ಅಂಗಡಿಯಲ್ಲಿ
ನಾನು ರೊಟ್ಟಿ ಹೊರುವವನು.
ಬಾವಿಯಂಥ ಒಲೆಯೊಳಕ್ಕೆ ಸೊಂಟದವರೆಗೂ ಬಗ್ಗಿ
ಅವನು ದೋಣಿಯಾಕಾರದ ಹಿಟ್ಟನ್ನು ಗೋಡೆಗೆ ಬಡಿಯುತ್ತಾನೆ,
ಮೇಲೆದ್ದಾಗ ಹುಬ್ಬು ತುಸು ಸುಟ್ಟಿರುತ್ತದೆ.
ಅವನ ಫೋನು ಉಪ್ಪಿನ ಡಬ್ಬಿಗೆ ಒರಗಿದೆ.
ಹೆಂಡತಿ ಲಮಾರಾಳದು ತಕ್ಕಡಿಯ ಪಕ್ಕ.
ಎರಡರ ನಡುವೆ ನಾಲ್ಕು ಮೊಳ.

ಮಂಗಳವಾರ ಬೆಳಿಗ್ಗೆ ರಿಯೋನಿ ಹೊಳೆಯ ಸೇತುವೆಯ ಮೇಲೆ
ಸಂತೆಯ ಹೆಂಗಸರು ಸೇರಿದ್ದರು, ಜಾಗ ಬಿಡುವುದಿಲ್ಲವೆಂದು.
ಐವತ್ತು ಜನ ಇರಬಹುದು, ಅರವತ್ತು.
ಬುಟ್ಟಿ ಹೊತ್ತು ಅವರ ನಡುವೆಯೇ ಹಾದುಹೋದೆ.
ಪ್ಲಮ್ ಹಣ್ಣಿನ ಪೆಟ್ಟಿಗೆಯೊಂದರ ಹಗ್ಗ ಹರಿಯಿತು.
ಹಣ್ಣು ಉರುಳಿದವು. ಒಬ್ಬ ಪೊಲೀಸ್ ಹುಡುಗ,
ಮೀಸೆ ಇನ್ನೂ ಮೂಡಬೇಕಾದವನು, ಬಗ್ಗಿ ಹೆಕ್ಕತೊಡಗಿದ.
ಕೊಳೆತದ್ದನ್ನು ಹಾಕಬೇಡವೋ ಎಂದು ಮುದುಕಿ ಗದರಿದಳು.
ಇಷ್ಟೇ. ಹೋಟೆಲಿಗೆ ತಡವಾಗುತ್ತದೆಂದು ಬಿರಬಿರನೆ ನಡೆದೆ.

ಮರಳುವಷ್ಟರಲ್ಲಿ
ಸುದ್ದಿ ನನಗಿಂತ ಮುಂಚೆ ಬಂದು ಕೂತಿತ್ತು.
ಮುದುಕಿಯ ಮೇಲೆ ಕೈ ಮಾಡಿದರು, ಎಂದಳು ಲಮಾರಾ.
ಪೊಲೀಸರಿಗೆ ಹಣ್ಣು ಎಸೆದರು, ಎಲ್ಲ ಬಾಡಿಗೆ ಜನ,
ಜುಂಬೇರ್ ಅಂದ, ಒಲೆಯೊಳಗಿಂದ.
ಇಬ್ಬರೂ ಕರೆದು ತೋರಿಸಿದರು. ಒಂದೇ ಚಿತ್ರ. ಹನ್ನೊಂದು ಸೆಕೆಂಡು.
ಅವಳದಕ್ಕೆ ಅಳುವ ಪಿಟೀಲು, ಅವನದಕ್ಕೆ ಕೆಂಪು ಬಾಣ.
ಯಾರ ಮಾತಿಗೂ ಬಾಲವಿರಲಿಲ್ಲ.

ನಾನು ಅಲ್ಲೇ ಇದ್ದೆ, ಎಂದೆ.
ನಿನಗೇನು ಗೊತ್ತು, ಎಂದರು.
ಈ ಮೂರು ವರ್ಷದಲ್ಲಿ ಗಂಡ ಹೆಂಡತಿ
ಒಂದೇ ಉಸಿರಿಗೆ ಒಂದೇ ಮಾತಾಡಿದ್ದು ಅದೇ ಮೊದಲು.
ಸೇತುವೆ ಇರುವುದು ಇನ್ನೂರು ಹೆಜ್ಜೆಯಲ್ಲಿ,
ಬಾಗಿಲಿಗೆ ಬಂದು ಕತ್ತು ಚಾಚಿದರೆ ಅದರ ಕಂಬಿ ಕಾಣುತ್ತದೆ.
ಯಾರೂ ಚಾಚಲಿಲ್ಲ. ರೊಟ್ಟಿ ಸೀಯುತ್ತಿತ್ತು.

ರಾತ್ರಿ, ಕಾಲನ್ನು ಬಿಸಿನೀರಿಗೆ ಇಳಿಬಿಟ್ಟು
ನಾನೂ ನೋಡಿದೆ. ಒಂದು ಸಲ. ಆಮೇಲೆ ಲೆಕ್ಕ ತಪ್ಪಿತು.
ಏಳನೆಯ ಸೆಕೆಂಡಿಗೆ ಎಡಮೂಲೆಯಲ್ಲೊಂದು ಬೆನ್ನು:
ನೀಲಿ ಅಂಗಿ, ಹೆಗಲ ಮೇಲೆ ಬುಟ್ಟಿ.
ಪಾಪ, ಹೆದರಿ ಓಡುತ್ತಿದ್ದಾನೆ ನೋಡಿ, ಎಂದಿದ್ದರು ಯಾರೋ.
ಕೆಲಸ ಮುಗಿಸಿ ಹೊರಟಿದ್ದಾನೆ,
ಆ ಬುಟ್ಟಿಯಲ್ಲಿ ಏನಿತ್ತು ಕೇಳಿ, ಎಂದಿದ್ದರು ಇನ್ಯಾರೋ.
ಹದಿನಾಲ್ಕು ರೊಟ್ಟಿ, ಎಂದು ಬರೆದೆ.
ಅಳಿಸಿದೆ.

ನಾನು ಓಡುತ್ತಿದ್ದೆನೇ?
ಕಾಲುಗಳನ್ನು ಕೇಳಿದೆ. ನೀರು ತಣ್ಣಗಾಗುತ್ತಿತ್ತು.
ಬೆನ್ನ ಹಿಂದೆ ಒಂದು ಕೂಗು ಕೇಳಿಸಿತ್ತಲ್ಲವೇ?
ಬೆಳಿಗ್ಗೆ ಇರಲಿಲ್ಲ ಆ ಕೂಗು. ಈಗ ಇದೆ.
ಹುಡುಗನ ಕೈ ಹಣ್ಣಿನತ್ತ ಹೋಗಿತ್ತೋ ಮುದುಕಿಯತ್ತಲೋ,
ಆ ಮೀಸೆ ಮೂಡದ ಮುಖವನ್ನು ನೆನೆಯಹೋದರೆ
ಕೆಂಪು ಬಾಣವೊಂದು ಬಂದು ಅದರ ಮೇಲೆ ನಿಲ್ಲುತ್ತದೆ.

ಇವತ್ತು ಗಿಣ್ಣು ಮಾರುವವಳು ಕೇಳಿದಳು,
ಮಂಗಳವಾರ ಅಲ್ಲಿ ನಿಜಕ್ಕೂ ಏನಾಯಿತು ಗೋಚಾ,
ನೀನು ಆ ದಾರಿಯಲ್ಲೇ ಹೋಗುವವನಲ್ಲವೇ?
ಜೇಬಿಗೆ ಕೈ ಹಾಕಿದೆ. ಪ್ಲಮ್ಮಿನ ಒಂದು ಓಟೆ ತಾಕಿತು,
ಅಂದಿನದೋ, ಎಂದಿನದೋ.
ಹೇಳಿದೆ:
ಹಗ್ಗ ಹರಿಯಿತಂತೆ.
ಹಣ್ಣು ಉರುಳಿದವಂತೆ.
ನಾನು ಸೇತುವೆಯ ಮೇಲೆ ಇದ್ದೆನಂತೆ.